ಹೊಸ ಶಿಕ್ಷಕರ ಮೊದಲ ತಿಂಗಳು

ಸಂಸ್ಕೃತದಲ್ಲಿ ‘ಶಿಕ್ಷಾ’ ಎಂದರೆ ಕಲಿಕೆ. ವೇದಾಧ್ಯಯನಕ್ಕೆ ಅಂಗವಾದ ಉಚ್ಚಾರಣಾ ಶಾಸ್ತ್ರಕ್ಕೂ ಅದೇ ಹೆಸರಿದೆ. ಆ ಪದವು ಕನ್ನಡಕ್ಕೆ ಬಂದು ಎರಡು ದಾರಿ ಹಿಡಿಯಿತು. ಶಿಕ್ಷಣ, ಶಿಕ್ಷಕ ಎಂಬ ಪದಗಳಲ್ಲಿ ಕಲಿಕೆಯ ಅರ್ಥ ಉಳಿಯಿತು. ಶಿಕ್ಷೆ ಎಂಬ ಪದದಲ್ಲಿ ದಂಡನೆಯ ಅರ್ಥವೇ ನೆಲೆನಿಂತಿತು. ಅರಬಿ ಭಾಷೆಯಲ್ಲಿಯೂ ಇಂತಹದೇ ಸಂಗತಿಯಿದೆ. ‘ಅದಬ್’ ಎಂದರೆ ಸಭ್ಯತೆ. ಅದೇ ಮೂಲದ ‘ತಅ್‌ದೀಬ್’ ಎಂಬ ಪದಕ್ಕೆ ಸಭ್ಯತೆಯನ್ನು ಕಲಿಸುವುದು ಎಂಬ ಅರ್ಥವೂ ಇದೆ, ದಂಡಿಸುವುದು ಎಂಬ ಅರ್ಥವೂ ಇದೆ. ಕಲಿಸುವ ಕೆಲಸವನ್ನೂ ದಂಡಿಸುವ ಕೆಲಸವನ್ನೂ ಮನುಷ್ಯರು ಎಷ್ಟು ಹತ್ತಿರ ಇಟ್ಟುಕೊಂಡಿದ್ದಾರೆ ಎಂಬುದಕ್ಕೆ ಈ ಪದಗಳೇ ಸಾಕ್ಷಿ. ಇವೆರಡರ ನಡುವೆ ಎಷ್ಟು ಅಂತರವಿರಬೇಕು ಎಂಬುದನ್ನು ಪ್ರೌಢಶಾಲೆಗೆ ಹೊಸದಾಗಿ ಕಾಲಿಡುವ ಶಿಕ್ಷಕರು ಮೊದಲ ದಿನವೇ ನಿರ್ಧರಿಸಬೇಕಾಗುತ್ತದೆ.

ಪ್ರತಿ ವರ್ಷ ಶಾಲೆಗಳು ತೆರೆದಾಗ ನಮ್ಮ ರಾಜ್ಯದಲ್ಲಿ ಸಾವಿರಾರು ಯುವಕ ಯುವತಿಯರು ಮೊದಲ ಬಾರಿಗೆ ಸೀಮೆಸುಣ್ಣ ಹಿಡಿಯುತ್ತಾರೆ. ಕೆಲವರು ನೇಮಕಾತಿ ಆದೇಶ ಪಡೆದು ಬಂದವರು. ಅನೇಕರು ಅತಿಥಿ ಶಿಕ್ಷಕರು. ವರ್ಷದ ಕೊನೆಗೆ ಕೆಲಸ ಉಳಿಯುವ ಭರವಸೆಯಿಲ್ಲದವರು. ಬಿ.ಎಡ್. ಪದವಿಯು 2015ರಿಂದ ಎರಡು ವರ್ಷಗಳದ್ದಾಗಿದೆ, ಶಾಲೆಯಲ್ಲಿ ಅಭ್ಯಾಸಕ್ಕೆ ವಾರಗಟ್ಟಲೆ ಅವಕಾಶವೂ ಇದೆ. ಆದರೆ ಅಭ್ಯಾಸಕ್ಕೆ ಬಂದ ಪ್ರಶಿಕ್ಷಣಾರ್ಥಿಯ ಎದುರಿಗಿರುವುದು ಬೇರೆಯವರ ತರಗತಿ. ಅಲ್ಲಿನ ಶಿಸ್ತು ಆ ಶಾಲೆಯ ಶಿಕ್ಷಕರದ್ದು, ಅಲ್ಲಿನ ಅಶಿಸ್ತೂ ಅವರದ್ದೇ. ತನ್ನದೇ ತರಗತಿಯ ಎದುರು ನಿಂತ ದಿನ, ಪಾಠ ಯೋಜನೆಯ ಕಡತದಲ್ಲಿ ಇಲ್ಲದ ನಲವತ್ತು ಜೋಡಿ ಕಣ್ಣುಗಳು ಅವರನ್ನು ಅಳೆಯುತ್ತವೆ. ಅದೇ ದಿನ ಶಿಕ್ಷಕರ ಕೊಠಡಿಯಲ್ಲಿ ಹಿರಿಯರೊಬ್ಬರು ಉಪದೇಶ ಕೊಡುತ್ತಾರೆ: ‘ಮೊದಲ ತಿಂಗಳು ನಗಬೇಡಿ. ಒಂದು ಸಲ ನಕ್ಕರೆ ವರ್ಷವಿಡೀ ತಲೆಯ ಮೇಲೆ ಕೂರುತ್ತಾರೆ.’ ಇದು ನಮ್ಮ ನಾಡಿನ ಉಪದೇಶ ಮಾತ್ರವಲ್ಲ. ಪಾಶ್ಚಾತ್ಯ ದೇಶಗಳ ಶಿಕ್ಷಕರಲ್ಲಿಯೂ ಕ್ರಿಸ್‌ಮಸ್‌ವರೆಗೆ ನಗಬಾರದು ಎಂಬ ಮಾತು ಬಹಳ ಹಿಂದಿನಿಂದ ಪ್ರಚಲಿತದಲ್ಲಿದೆ.

ಈ ಉಪದೇಶವನ್ನು ನಾವು ಒಪ್ಪುವುದಿಲ್ಲ. ಆದರೆ ಅದನ್ನು ಹೇಳುವವರನ್ನು ಕ್ರೂರಿಗಳೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಅವರ ಮಾತಿನ ಹಿಂದೆ ಭಯವಿದೆ, ಆ ಭಯಕ್ಕೆ ಕಾರಣಗಳೂ ಇವೆ.

ಹಾಸನ ಜಿಲ್ಲೆಯನ್ನೇ ತೆಗೆದುಕೊಳ್ಳೋಣ. 2019ರ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಈ ಜಿಲ್ಲೆ ರಾಜ್ಯಕ್ಕೆ ಪ್ರಥಮ ಸ್ಥಾನ ಪಡೆಯಿತು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿ ಶಾಲೆಗಳ ಮಕ್ಕಳೂ ಆ ಸಾಧನೆಯ ಪಾಲುದಾರರು. ಅದು ಹೆಮ್ಮೆಯ ವಿಷಯ. ಆದರೆ ಒಮ್ಮೆ ಪ್ರಥಮ ಸ್ಥಾನದ ರುಚಿ ಕಂಡ ಮೇಲೆ ಪ್ರತಿ ವರ್ಷ ಶೇಕಡಾವಾರು ಪಟ್ಟಿ ಬಂದಾಗಲೂ ಮುಖ್ಯ ಶಿಕ್ಷಕರು ಉತ್ತರ ಹೇಳಬೇಕಾಗುತ್ತದೆ. ಅವರು ವಿಷಯ ಶಿಕ್ಷಕರನ್ನು ಕೇಳುತ್ತಾರೆ, ವಿಷಯ ಶಿಕ್ಷಕರು ಮಕ್ಕಳನ್ನು ಕೇಳುತ್ತಾರೆ. ಮೇಲಿನಿಂದ ಇಳಿದು ಬಂದ ಒತ್ತಡವು ಕೊನೆಗೆ ನಿಲ್ಲುವುದು ಕಡೆಯ ಬೆಂಚಿನ ಹುಡುಗನ ಅಂಗೈಯ ಮೇಲೆ. ಅವನಿಗಿಂತ ಕೆಳಗೆ ಅದನ್ನು ದಾಟಿಸಲು ಯಾರೂ ಇಲ್ಲ.

ಆ ಹುಡುಗ ಯಾರು? ರುದ್ರಪಟ್ಟಣ, ರಾಮನಾಥಪುರದ ಆಸುಪಾಸಿನ ಕಾವೇರಿ ಸೀಮೆಯಲ್ಲಿ ಹೊಗೆಸೊಪ್ಪು ಮುಖ್ಯ ಬೆಳೆ. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಿದೆ. ಸೊಪ್ಪು ಮುರಿಯುವ ಕಾಲದಲ್ಲಿ ಬ್ಯಾರನ್‌ನ ಬೆಂಕಿ ಹಗಲು ರಾತ್ರಿ ಆರುವಂತಿಲ್ಲ; ಶಾಖ ಏರಿದರೂ ಇಳಿದರೂ ಸೊಪ್ಪಿನ ಬಣ್ಣ ಕೆಡುತ್ತದೆ, ಬೆಲೆ ಬೀಳುತ್ತದೆ. ಆದುದರಿಂದ ಮನೆಯವರೆಲ್ಲರೂ ಸರದಿಯ ಮೇಲೆ ಎಚ್ಚರವಿರುತ್ತಾರೆ. ಈ ಕೆಲಸಕ್ಕೆ ಮಕ್ಕಳನ್ನು ಹಚ್ಚುವುದು ಸರಿಯಲ್ಲ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ ಅವಧಿಯಲ್ಲಿ ತೂಕಡಿಸುವ ಹುಡುಗನನ್ನು ‘ಸೋಮಾರಿ’ ಎಂದು ಬೆಂಚಿನ ಮೇಲೆ ನಿಲ್ಲಿಸುವ ಮುನ್ನ, ರಾತ್ರಿ ಎಷ್ಟು ಗಂಟೆಗೆ ಮಲಗಿದೆ ಎಂದು ಮೆಲ್ಲಗೆ ಕೇಳುವುದು ಶಿಕ್ಷಕರ ಕೆಲಸವೇ. ಆ ಒಂದು ಪ್ರಶ್ನೆಯಿಂದ ತರಗತಿಯ ಶಿಸ್ತು ಕುಸಿಯುವುದಿಲ್ಲ.

ಎಂಟನೆಯ ತರಗತಿಯ ಇನ್ನೊಂದು ತೊಡಕನ್ನು ಹೊಸ ಶಿಕ್ಷಕರು ಅರಿತಿರಬೇಕು. ನಮ್ಮ ರಾಜ್ಯದಲ್ಲಿ ಹಲವು ಹಳ್ಳಿಗಳ ಮಕ್ಕಳು ಏಳನೆಯ ತರಗತಿಯನ್ನು ತಮ್ಮೂರಿನಲ್ಲಿ ಮುಗಿಸಿ ಒಂದೇ ಪ್ರೌಢಶಾಲೆಗೆ ಬಂದು ಸೇರುತ್ತಾರೆ. ಹದಿಮೂರು ವರ್ಷದ ಮಗುವಿಗೆ ಸಹಪಾಠಿಗಳೂ ಹೊಸಬರು, ಶಿಕ್ಷಕರೂ ಹೊಸಬರು, ತನ್ನ ದೇಹವೂ ಹೊಸದು. ಇವರಲ್ಲಿ ಬಹುತೇಕರು ಒಂದರಿಂದ ಮೂರನೆಯ ತರಗತಿಯವರೆಗೆ ‘ನಲಿ-ಕಲಿ’ ಪದ್ಧತಿಯಲ್ಲಿ ಕಲಿತವರು. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಮಕ್ಕಳು ಗುಂಪುಗಳಾಗಿ ನೆಲದ ಮೇಲೆ ಕುಳಿತು, ಕಲಿಕಾ ಏಣಿಯ ಮೆಟ್ಟಿಲುಗಳನ್ನು ತಮ್ಮ ತಮ್ಮ ವೇಗದಲ್ಲಿ ಏರುತ್ತಾರೆ. ಎದ್ದು ಓಡಾಡುವುದು, ಮಾತನಾಡುವುದು ಅಲ್ಲಿ ಕಲಿಕೆಯ ಭಾಗ. ಅದೇ ಮಗು ಮುಂದೆ ಸಾಲು ಬೆಂಚಿನ ಕೊಠಡಿಗೆ ಬಂದಾಗ ಅದೇ ಓಡಾಟ ಮತ್ತು ಅದೇ ಮಾತು ಅಪರಾಧವಾಗುತ್ತದೆ. ನಿಯಮ ಬದಲಾಯಿತು ಎಂದು ಅದಕ್ಕೆ ಯಾರಾದರೂ ಹೇಳಿದರೇ?

ತರಗತಿಯಲ್ಲಿ ಸದ್ದಿದ್ದರೆ ಅಶಿಸ್ತು, ಸದ್ದಿಲ್ಲದಿದ್ದರೆ ಶಿಸ್ತು ಎಂಬ ತೀರ್ಮಾನವೇ ಮೊದಲು ಪರಿಶೀಲನೆಗೆ ಒಳಗಾಗಬೇಕು. ರುದ್ರಪಟ್ಟಣವನ್ನು ನಾಡು ಸಂಗೀತದ ಊರೆಂದು ಗುರುತಿಸುತ್ತದೆ. 1920ರಲ್ಲಿ ಅಲ್ಲಿ ಜನಿಸಿದ ಆರ್.ಕೆ. ಶ್ರೀಕಂಠನ್, ರುದ್ರಪಟ್ಟಣಂ ಸಹೋದರರೆಂದು ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್, ತಂಬೂರಿಯ ಆಕಾರದ ಮಂದಿರವನ್ನು ಅಲ್ಲಿ ಕಟ್ಟಿಸಿದ ಆರ್.ಕೆ. ಪದ್ಮನಾಭ ಮುಂತಾದವರೆಲ್ಲ ಆ ಪುಟ್ಟ ಊರಿನವರು. ಸಂಗೀತ ಪಾಠದ ಕ್ರಮವನ್ನು ಗಮನಿಸಿರಿ. ಮಗು ಸರಳೆ ವರಸೆಯನ್ನು ಒಂದನೆಯ ಕಾಲದಲ್ಲಿ ಹಾಡುತ್ತದೆ. ಅದು ಕೈಗೆ ಹತ್ತಿದ ಮೇಲೆ ಎರಡನೆಯ ಕಾಲ, ಆ ಮೇಲೆ ಮೂರನೆಯದು. ತಾಳವನ್ನು ಹಾಕುವುದು ಗುರುವಿನ ಕೈ ಮಾತ್ರವಲ್ಲ, ಮಗುವಿನ ಕೈಯೂ ಹೌದು. ತಾಳ ತಪ್ಪಿದುದು ಗುರುವಿಗಿಂತ ಮೊದಲು ಮಗುವಿಗೇ ತಿಳಿಯಬೇಕು ಎಂಬುದು ಅದರ ಗುರಿ.

ಇನ್ನು ನಮ್ಮ ಮದ್ರಸಗಳ ಹಿಫ್ಝ್ ತರಗತಿಯನ್ನು ನೋಡಿರಿ. ಹೊರಗಿನಿಂದ ಬಂದವರಿಗೆ ಅದು ಗದ್ದಲವೆಂದೇ ತೋರುತ್ತದೆ. ಇಪ್ಪತ್ತು ಮಕ್ಕಳು ಇಪ್ಪತ್ತು ಬೇರೆ ಬೇರೆ ಪುಟಗಳನ್ನು ಗಟ್ಟಿಯಾಗಿ ಓದುತ್ತಿರುತ್ತಾರೆ. ಆದರೆ ಆ ಸದ್ದಿನ ನಡುವೆ ಮೂರನೆಯ ಸಾಲಿನ ಬಾಲಕನೊಬ್ಬ ಒಂದು ಸ್ವರಚಿಹ್ನೆಯನ್ನು ತಪ್ಪಿದರೆ ಉಸ್ತಾದರ ತಲೆ ಆ ಕಡೆಗೆ ತಿರುಗುತ್ತದೆ. ಪ್ರತಿಯೊಬ್ಬನಿಗೂ ಮಾಡಲು ಸ್ವಂತ ಕೆಲಸವಿದೆ, ಆ ಕೆಲಸವನ್ನು ಆ ದಿನವೇ ಆಲಿಸುವವರೊಬ್ಬರಿದ್ದಾರೆ. ಶಿಸ್ತು ಹುಟ್ಟುವುದು ಇವೆರಡರಿಂದ. ಅಂತಹ ಕೆಲವು ಕಡೆಗಳಲ್ಲಿ ಬೆತ್ತವೂ ಇದೆ ಎಂಬುದನ್ನು ನಾವು ಮರೆಮಾಚುವುದಿಲ್ಲ. ಆ ವಿಷಯಕ್ಕೆ ಮುಂದೆ ಬರುತ್ತೇವೆ. ಆದರೆ ಮಗು ಕಂಠಪಾಠ ಮಾಡುವುದು ಬೆತ್ತದಿಂದಲ್ಲ. ಬೆತ್ತವಿಲ್ಲದ ಮದ್ರಸಗಳಲ್ಲಿಯೂ ಹಾಫಿಝರು ತಯಾರಾಗುತ್ತಿರುವುದೇ ಅದಕ್ಕೆ ಸಾಕ್ಷಿ.

ಗುರು ಶಿಷ್ಯರ ನಡುವಿನ ಶಿಸ್ತಿನ ಕುರಿತು ಪವಿತ್ರ ಕುರ್‌ಆನಿನಲ್ಲಿ ಒಂದು ದೀರ್ಘ ಪ್ರಸಂಗವಿದೆ. ಅಲ್‌ಕಹ್ಫ್ ಅಧ್ಯಾಯದಲ್ಲಿ ಹ. ಮೂಸಾ(ಅ) ಅವರು ಜ್ಞಾನಿಯೊಬ್ಬರನ್ನು ಅರಸಿ ಹೋಗುತ್ತಾರೆ. ಹದೀಸ್‌ಗಳು ಅವರ ಹೆಸರು ಖಿಝರ್(ಅ) ಎಂದು ತಿಳಿಸುತ್ತವೆ. ಆ ಪ್ರಸಂಗವನ್ನು ನಾವು ವಿಧಿಯ ರಹಸ್ಯವನ್ನು ತಿಳಿಯಲು ಓದುತ್ತೇವೆ, ಶುಕ್ರವಾರದಂದು ಪುಣ್ಯಕ್ಕಾಗಿ ಓದುತ್ತೇವೆ. ಶಿಕ್ಷಕರಾದವರು ಅದನ್ನು ಒಮ್ಮೆ ತರಗತಿಯ ದೃಷ್ಟಿಯಿಂದಲೂ ಓದಬೇಕು.

ಶಿಷ್ಯನಾಗಲು ಬಂದವರಿಗೆ ಗುರು ಮೊದಲು ಹೇಳುವುದು ಕಲಿಕೆಯ ಕಷ್ಟವನ್ನು. ನಿಮಗೆ ನನ್ನೊಂದಿಗೆ ತಾಳ್ಮೆಯಿಂದಿರಲು ಆಗಲಾರದು ಎಂದು ಮುಂಚಿತವಾಗಿಯೇ ತಿಳಿಸುತ್ತಾರೆ, ಅದರ ಕಾರಣವನ್ನೂ ಹೇಳುತ್ತಾರೆ: ಅರಿವಿಗೆ ನಿಲುಕದ ವಿಷಯದಲ್ಲಿ ತಾಳ್ಮೆ ಸುಲಭವಲ್ಲ. ಅನಂತರ ನಿಯಮವನ್ನು ಹೇಳುತ್ತಾರೆ. ನಿಯಮ ಒಂದೇ: ನಾನಾಗಿ ವಿವರಿಸುವವರೆಗೆ ಪ್ರಶ್ನಿಸಬಾರದು. ಗೋಡೆಯ ಮೇಲೆ ತೂಗುಹಾಕಿದ ಹದಿನೈದು ನಿಯಮಗಳ ಪಟ್ಟಿಯಲ್ಲ. ಶಿಷ್ಯ ಒಪ್ಪಿದ ಮೇಲೆಯೇ ಪಯಣ ಆರಂಭವಾಗುತ್ತದೆ. ಹಡಗಿಗೆ ರಂಧ್ರ ಕೊರೆದಾಗ ಶಿಷ್ಯ ನಿಯಮ ಮುರಿಯುತ್ತಾರೆ. ಗುರು ಹಿಂದಿನ ಮಾತನ್ನು ನೆನಪಿಸುತ್ತಾರೆ, ಅಷ್ಟೇ. ಮರೆತೆ, ನನ್ನನ್ನು ಕಷ್ಟಕ್ಕೆ ಗುರಿಪಡಿಸಬೇಡಿ ಎಂಬ ಕೋರಿಕೆಯನ್ನು ಮನ್ನಿಸಿ ಪಯಣ ಮುಂದುವರಿಸುತ್ತಾರೆ. ಎರಡನೆಯ ಸಲ ನಿಯಮ ಮುರಿದಾಗ ಗುರು ಮತ್ತೆ ಅದೇ ವಾಕ್ಯವನ್ನು ಹೇಳುತ್ತಾರೆ. ಅರಬಿ ಮೂಲದಲ್ಲಿ ಈ ಸಲ ಒಂದೇ ಒಂದು ಪದ ಹೆಚ್ಚಾಗಿದೆ: ‘ನಿಮಗೆ’ ಎಂಬುದು. ನಾನು ಹೇಳಿರಲಿಲ್ಲವೇ ಎಂಬುದು, ನಾನು ನಿಮಗೆ ಹೇಳಿರಲಿಲ್ಲವೇ ಎಂದಾಗಿದೆ. ವ್ಯಾಖ್ಯಾನಕಾರರು ಈ ವ್ಯತ್ಯಾಸವನ್ನು ಗುರುತಿಸಿದ್ದಾರೆ. ಎರಡನೆಯ ತಪ್ಪಿಗೆ ಗುರುವಿನ ಕಾಠಿಣ್ಯ ಏರಿದುದು ಒಂದು ಪದದಷ್ಟು. ನಮ್ಮ ತರಗತಿಗಳಲ್ಲಿ ಎರಡನೆಯ ತಪ್ಪಿಗೆ ಎಷ್ಟು ಪದಗಳು ಹೆಚ್ಚುತ್ತವೆ ಎಂಬುದನ್ನು ಶಿಕ್ಷಕರೇ ಎಣಿಸಿಕೊಳ್ಳಲಿ.

ಮುಂದಿನ ಹೆಜ್ಜೆ ಇನ್ನೂ ಗಮನಾರ್ಹವಾಗಿದೆ. ಇನ್ನೊಮ್ಮೆ ಕೇಳಿದರೆ ನನ್ನನ್ನು ಜೊತೆಯಲ್ಲಿ ಇಟ್ಟುಕೊಳ್ಳಬೇಡಿ ಎಂಬ ಪರಿಣಾಮವನ್ನು ನಿಗದಿಪಡಿಸಿದವರು ಗುರುವಲ್ಲ, ಸ್ವತಃ ಶಿಷ್ಯ. ಗೋಡೆಯ ಪ್ರಸಂಗದಲ್ಲಿ ಮೂರನೆಯ ಸಲ ಮಾತು ತಪ್ಪಿದಾಗ ಅದೇ ಪರಿಣಾಮ ಜಾರಿಗೆ ಬರುತ್ತದೆ. ಗುರು ಅದನ್ನು ಹೆಚ್ಚಿಸಲಿಲ್ಲ, ಮನಸ್ಸು ಕರಗಿ ಕೈಬಿಡಲೂ ಇಲ್ಲ. ಆದರೆ ಅಗಲುವ ಮುನ್ನ ಮೂರೂ ಘಟನೆಗಳ ಅರ್ಥವನ್ನು ಬಿಡಿಸಿ ಹೇಳಿದರು. ನಿಯಮ ಮುರಿದವನಿಗೆ ಶಾಲೆಯ ಬಾಗಿಲು ಮುಚ್ಚಬಹುದು, ಪಾಠದ ಬಾಗಿಲನ್ನು ಮುಚ್ಚಲಾಗದು. ತಪ್ಪು ಮಾಡಿದ ಹುಡುಗನನ್ನು ವಾರಗಟ್ಟಲೆ ತರಗತಿಯ ಹೊರಗೆ ನಿಲ್ಲಿಸಿ, ಅವನಿಗೆ ತಪ್ಪಿಹೋದ ಪಾಠವನ್ನು ಮರಳಿ ಹೇಳದೆ, ಪರೀಕ್ಷೆಯಲ್ಲಿ ಅನುತ್ತೀರ್ಣನಾದಾಗ ‘ಅವನ ಹಣೆಬರಹ’ ಎನ್ನುವವರು ಈ ಭಾಗವನ್ನು ಮತ್ತೆ ಓದಬೇಕಾಗಿದೆ.

ನಮ್ಮ ಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದ ಒಂದು ಪದ್ಧತಿಯಿದೆ. ಶಿಕ್ಷಕರು ಇಲ್ಲದ ಅವಧಿಯಲ್ಲಿ ಕ್ಲಾಸ್ ಲೀಡರ್ ಕರಿಹಲಗೆಯ ಮೂಲೆಯಲ್ಲಿ ‘ಮಾತನಾಡಿದವರು’ ಎಂದು ಬರೆದು ಹೆಸರುಗಳ ಪಟ್ಟಿ ಮಾಡುತ್ತಾನೆ. ಹೆಚ್ಚು ಮಾತನಾಡಿದವರ ಹೆಸರಿನ ಮುಂದೆ ಗುರುತುಗಳು ಬೀಳುತ್ತವೆ. ಶಿಕ್ಷಕರು ಬಂದು ಪಟ್ಟಿಯ ಪ್ರಕಾರ ದಂಡಿಸುತ್ತಾರೆ. ಓದುಗರಲ್ಲಿ ಅನೇಕರು ಆ ಪಟ್ಟಿಯಲ್ಲಿ ಇದ್ದವರೇ ಆಗಿರಬಹುದು, ನೆನೆದು ನಗಲೂಬಹುದು. ಆದರೆ ಅಲ್ಲಿ ಮಕ್ಕಳು ಏನನ್ನು ಕಲಿಯುತ್ತಾರೆ? ಲೀಡರನ ಗೆಳೆಯನ ಹೆಸರು ಪಟ್ಟಿಗೆ ಬರುವುದಿಲ್ಲ, ಅವನೊಂದಿಗೆ ಜಗಳವಾಡಿದವನ ಹೆಸರು ಬಾಯಿ ತೆರೆಯದಿದ್ದರೂ ಬರುತ್ತದೆ ಎಂಬುದನ್ನು ಕಲಿಯುತ್ತಾರೆ. ಅಲ್‌ಹುಜುರಾತ್ ಅಧ್ಯಾಯದ ಹನ್ನೊಂದು ಮತ್ತು ಹನ್ನೆರಡನೆಯ ಸೂಕ್ತಗಳಲ್ಲಿ ಅಲ್ಲಾಹನು ವಿಶ್ವಾಸಿಗಳಿಗೆ ಅಪಹಾಸ್ಯ, ಅಡ್ಡಹೆಸರು, ಗುಮಾನಿ, ಪರರ ದೋಷ ಹುಡುಕುವ ಗೂಢಚರ್ಯೆ ಮತ್ತು ಪರದೂಷಣೆಯನ್ನು ನಿಷೇಧಿಸಿದ್ದಾನೆ. ಹದಿಹರೆಯದವರ ಯಾವುದೇ ತರಗತಿಯನ್ನು ಕೆಡಿಸುವ ಐದು ರೋಗಗಳೂ ಇವೇ ಆಗಿವೆ. ಮಾತನಾಡಿದವರ ಪಟ್ಟಿಯು ಇವುಗಳಲ್ಲಿ ಎರಡನ್ನಾದರೂ ಶಿಕ್ಷಕರ ಸಹಿಯೊಂದಿಗೆ ಕಲಿಸುತ್ತದೆ. ಒಬ್ಬನ ತಪ್ಪಿಗೆ ಇಡೀ ತರಗತಿಯನ್ನು ಮೊಣಕಾಲೂರಿಸುವ ಪದ್ಧತಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಒಬ್ಬರ ಪಾಪದ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲ ಎಂಬುದನ್ನು ಕುರ್‌ಆನ್ ಒಂದಕ್ಕಿಂತ ಹೆಚ್ಚು ಕಡೆ ತಿಳಿಸಿದೆ.

ಅಡ್ಡಹೆಸರಿನ ಬಗ್ಗೆ ಒಂದು ಮಾತು. ಹಾಜರಿ ಪುಸ್ತಕದಲ್ಲಿ ಸ್ಪಷ್ಟವಾದ ಹೆಸರಿದ್ದರೂ ‘ಏ ಸಾಬಿ’ ಎಂದು ಕರೆಯಿಸಿಕೊಂಡ ಮಕ್ಕಳು ನಮ್ಮ ಮನೆಗಳಲ್ಲಿದ್ದಾರೆ. ಆ ನೋವು ನಮಗೆ ತಿಳಿದಿದೆ. ಆದುದರಿಂದಲೇ ನಮ್ಮ ಸಮುದಾಯದ ಆಡಳಿತದಲ್ಲಿರುವ ಶಾಲೆಗಳಲ್ಲಿ ಕಪ್ಪು ಬಣ್ಣದ ಮಗುವಿಗೆ, ದಪ್ಪಗಿರುವ ಮಗುವಿಗೆ, ತೊದಲುವ ಮಗುವಿಗೆ, ದಲಿತ ಮಗುವಿಗೆ ಯಾವ ಹೆಸರಿಡಲಾಗಿದೆ ಎಂಬುದನ್ನು ನಾವೇ ಮೊದಲು ವಿಚಾರಿಸಬೇಕು. ಹೊಸ ಶಿಕ್ಷಕರಿಗೆ ನಾವು ಕೊಡಬಹುದಾದ ಮೊದಲ ಸಲಹೆ ಇದು: ಮೊದಲ ವಾರದಲ್ಲಿ ಎಲ್ಲ ಮಕ್ಕಳ ಹೆಸರನ್ನು ಅವರ ತಾಯಿ ಕರೆಯುವ ಉಚ್ಚಾರಣೆಯಲ್ಲಿ ಕಲಿಯಿರಿ. ಮನೆಯಲ್ಲಿ ಉರ್ದು ಅಥವಾ ಬ್ಯಾರಿ ಭಾಷೆಯನ್ನಾಡುವ ಮಗು ಕನ್ನಡದ ಪ್ರಶ್ನೆಗೆ ತಕ್ಷಣ ಉತ್ತರಿಸದಿದ್ದರೆ ಅದನ್ನು ಮೊಂಡುತನವೆಂದು ಭಾವಿಸಬೇಡಿ. ಅದು ಮನಸ್ಸಿನಲ್ಲಿ ವಾಕ್ಯವನ್ನು ಜೋಡಿಸಿಕೊಳ್ಳುತ್ತಿರಬಹುದು.

ಹದಿಹರೆಯದವರು ಕೆಲವೊಮ್ಮೆ ಶಿಕ್ಷಕರನ್ನು ಕೆಣಕಲೆಂದೇ ಪ್ರಶ್ನೆ ಕೇಳುತ್ತಾರೆ, ಕೆಲವೊಮ್ಮೆ ನಿಜವಾಗಿಯೂ ತಿಳಿಯದೆ ಕೇಳುತ್ತಾರೆ. ಎರಡೂ ಮೇಲ್ನೋಟಕ್ಕೆ ಒಂದೇ ರೀತಿ ಕಾಣುತ್ತವೆ. ಪ್ರವಾದಿ ಮುಹಮ್ಮದ್(ಸ)ರ ಸನ್ನಿಧಿಗೆ ಯುವಕನೊಬ್ಬ ಬಂದು ತುಂಬಿದ ಸಭೆಯಲ್ಲಿ ವ್ಯಭಿಚಾರಕ್ಕೆ ಅನುಮತಿ ಬೇಡಿದನೆಂದು ಮುಸ್ನದ್ ಅಹ್ಮದ್‌ನಲ್ಲಿ ವರದಿಯಾಗಿದೆ. ಸಭೆ ಅವನನ್ನು ಗದರಿತು. ಪ್ರವಾದಿವರ್ಯರು(ಸ) ಅವನನ್ನು ಹತ್ತಿರ ಕರೆದು ಕುಳ್ಳಿರಿಸಿಕೊಂಡರು. ನಿನ್ನ ತಾಯಿಯ ವಿಷಯದಲ್ಲಿ, ಮಗಳ ವಿಷಯದಲ್ಲಿ, ಸಹೋದರಿಯ ವಿಷಯದಲ್ಲಿ ಇದನ್ನು ಒಪ್ಪುವೆಯಾ ಎಂದು ಒಂದೊಂದಾಗಿ ಕೇಳಿದರು. ಅವನು ಇಲ್ಲವೆಂದಾಗಲೆಲ್ಲ ಇತರರೂ ಹಾಗೆಯೇ ಒಪ್ಪುವುದಿಲ್ಲ ಎಂದರು. ಕೊನೆಗೆ ಅವನ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಇಲ್ಲಿ ಯುವಕನ ಬೇಡಿಕೆಗೆ ರಿಯಾಯಿತಿ ಸಿಗಲಿಲ್ಲ, ಗೌರವ ಸಿಕ್ಕಿತು. ಕರುಣೆಯೆಂದರೆ ಸಡಿಲಿಕೆಯೆಂದು ತಿಳಿದವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಹ. ಅನಸ್(ರ) ಅವರ ಜೀವನವಂತೂ ಪ್ರೌಢಶಾಲೆಯ ವಯಸ್ಸಿಗೇ ಸಂಬಂಧಿಸಿದೆ. ಸುಮಾರು ಹತ್ತು ವರ್ಷದ ಬಾಲಕರಾಗಿ ಪ್ರವಾದಿವರ್ಯರ(ಸ) ಸೇವೆಗೆ ಸೇರಿದ ಅವರು ಹತ್ತು ವರ್ಷ ಅಲ್ಲಿದ್ದರು. ಆ ಅವಧಿಯಲ್ಲಿ ತನ್ನನ್ನು ಒಮ್ಮೆಯೂ ‘ಛೆ’ ಎಂದವರಲ್ಲ ಎಂದು ಅವರು ಸ್ಮರಿಸಿದ್ದಾರೆ. ಒಂದು ದಿನ ಕೆಲಸಕ್ಕೆ ಕಳುಹಿಸಿದಾಗ ದಾರಿಯಲ್ಲಿ ಆಡುತ್ತಿದ್ದ ಹುಡುಗರನ್ನು ಕಂಡು ಅನಸ್(ರ) ನಿಂತುಬಿಟ್ಟರು. ಹಿಂದಿನಿಂದ ಯಾರೋ ಕತ್ತನ್ನು ಹಿಡಿದಂತಾಗಿ ತಿರುಗಿದರೆ ಪ್ರವಾದಿವರ್ಯರು(ಸ) ನಗುತ್ತ ನಿಂತಿದ್ದರು. ಮುದ್ದಿನಿಂದ ‘ಉನೈಸ್’ ಎಂದು ಕರೆದು, ಹೇಳಿದಲ್ಲಿಗೆ ಹೋದೆಯಾ ಎಂದು ಕೇಳಿದರು. ಇಗೋ ಹೋಗುತ್ತಿದ್ದೇನೆ ಎಂದರು ಬಾಲಕ. ಇಲ್ಲಿ ನಗುವೂ ಇದೆ, ಕತ್ತಿನ ಮೇಲೆ ಕೈಯೂ ಇದೆ, ಕೆಲಸದ ನೆನಪೂ ಇದೆ. ಕೆಲಸ ಮನ್ನಾ ಆಗಲಿಲ್ಲ ಎಂಬುದು ಮುಖ್ಯ. ನಕ್ಕರೆ ಶಿಸ್ತು ಹಾಳಾಗುತ್ತದೆ ಎಂಬ ಶಿಕ್ಷಕರ ಕೊಠಡಿಯ ಉಪದೇಶಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಇಲ್ಲಿ ನಮ್ಮವರೇ ಎತ್ತುವ ಆಕ್ಷೇಪವೊಂದಿದೆ. ಏಳನೆಯ ವಯಸ್ಸಿನಲ್ಲಿ ನಮಾಝ್‌ಗೆ ಆದೇಶಿಸಿ, ಹತ್ತರಲ್ಲಿ ಅದನ್ನು ತೊರೆದರೆ ಹೊಡೆಯಿರಿ ಎಂಬರ್ಥದ ಹದೀಸ್ ಅಬೂ ದಾವೂದ್‌ನಲ್ಲಿ ಇದೆಯಲ್ಲವೇ? ಇದೆ. ಆದರೆ ಅದು ಹೆತ್ತವರಿಗೆ ಹೇಳಿದ ಮಾತು, ಧರ್ಮದ ಆಧಾರಸ್ತಂಭವಾದ ನಮಾಝ್‌ನ ವಿಷಯದಲ್ಲಿ ಹೇಳಿದ ಮಾತು. ಏಳರಿಂದ ಹತ್ತರವರೆಗಿನ ಮೂರು ವರ್ಷಗಳಲ್ಲಿ ದಿನಕ್ಕೆ ಐದರಂತೆ ಎಣಿಸಿದರೆ ಐದು ಸಾವಿರಕ್ಕೂ ಹೆಚ್ಚು ಬಾರಿ ಬಾಯಿಯಿಂದ ಹೇಳಿದ ನಂತರದ ಮಾತು. ಅದನ್ನೂ ವಿದ್ವಾಂಸರು ಗಾಯವಾಗಬಾರದು, ಮುಖಕ್ಕೆ ತಾಗಬಾರದು, ಕೋಪದಿಂದ ಆಗಬಾರದು ಎಂಬ ಕಟ್ಟುಗಳಲ್ಲಿ ಬಿಗಿದಿಟ್ಟರು. ಗಣಿತದ ಲೆಕ್ಕ ತಪ್ಪಿದ್ದಕ್ಕೆ, ಹೋಂವರ್ಕ್ ತರದಿದ್ದಕ್ಕೆ ಈ ಹದೀಸನ್ನು ಎಳೆದು ತರುವುದು ಹದೀಸ್‌ಗೂ ನ್ಯಾಯವಲ್ಲ. ಪ್ರವಾದಿವರ್ಯರು(ಸ) ಧರ್ಮಯುದ್ಧದ ಹೊರತು ಯಾರ ಮೇಲೂ, ಸ್ತ್ರೀಯಾಗಲಿ ಸೇವಕನಾಗಲಿ, ಕೈ ಎತ್ತಿದವರಲ್ಲ ಎಂದು ಹ. ಆಇಶಾ(ರ) ಸಾಕ್ಷ್ಯ ನುಡಿದಿದ್ದಾರೆ. ಕ್ರಿ.ಶ. 870ರಲ್ಲಿ ನಿಧನರಾದ ಕೈರವಾನಿನ ಇಬ್ನ್ ಸಹ್ನೂನ್ ಶಿಕ್ಷಕರ ನಡವಳಿಕೆಗಾಗಿಯೇ ಒಂದು ಗ್ರಂಥ ರಚಿಸಿ ದಂಡನೆಗೆ ಮಿತಿ ಹಾಕಿದರು. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಖಲ್ದೂನ್ ತಮ್ಮ ‘ಮುಕದ್ದಿಮ’ದಲ್ಲಿ ಇನ್ನೂ ಮುಂದೆ ಹೋಗಿ, ಕಠೋರತೆಯಲ್ಲಿ ಬೆಳೆದ ವಿದ್ಯಾರ್ಥಿಯು ಉತ್ಸಾಹ ಕಳೆದುಕೊಂಡು ಸುಳ್ಳು ಮತ್ತು ವಂಚನೆಯನ್ನು ರೂಢಿಸಿಕೊಳ್ಳುತ್ತಾನೆ ಎಂದು ವಿಶ್ಲೇಷಿಸಿದರು. ನಮ್ಮ ನಾಡಿನ ಹಳೆಯ ಕೂಲಿಮಠಗಳಲ್ಲಿ ಮಕ್ಕಳನ್ನು ಕೋದಂಡಕ್ಕೆ ತೂಗುಹಾಕುತ್ತಿದ್ದ ಕಾಲಕ್ಕಿಂತ ಶತಮಾನಗಳ ಹಿಂದಿನ ಮಾತಿದು.

ನಾಡಿನ ಕಾನೂನೂ ಸ್ಪಷ್ಟವಾಗಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಸೆಕ್ಷನ್ ದೈಹಿಕ ದಂಡನೆಯನ್ನು ಮಾತ್ರವಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಉಲ್ಲಂಘಿಸಿದವರ ಮೇಲೆ ಸೇವಾ ನಿಯಮಗಳಂತೆ ಶಿಸ್ತುಕ್ರಮಕ್ಕೆ ಅವಕಾಶ ಕೊಟ್ಟಿದೆ. ಆ ಕಾಯಿದೆಯಲ್ಲಿ ಮಗುವಿನ ವಯೋಮಿತಿ ಆರರಿಂದ ಹದಿನಾಲ್ಕು. ಒಂಬತ್ತು, ಹತ್ತನೆಯ ತರಗತಿಯ ಅನೇಕರು ಅದನ್ನು ದಾಟಿರುತ್ತಾರೆ ಎಂದು ವಾದಿಸುವ ಜಾಣರೂ ಇದ್ದಾರೆ. ಹದಿನೈದನೆಯ ಹುಟ್ಟುಹಬ್ಬದಂದು ಮಗುವಿನ ಮಾನ ಮುಕ್ತಾಯವಾಗುತ್ತದೆಯೇ? ಹೊಡೆತದ ಗಾಯವನ್ನು ಸಹಿಸಿಕೊಳ್ಳುವ ವಯಸ್ಸು ಅದಾಗಿರಬಹುದು, ಸಹಪಾಠಿಗಳ ಎದುರಿನ ಅವಮಾನವನ್ನು ಸಹಿಸುವ ವಯಸ್ಸು ಅದಲ್ಲ.

ಬೆತ್ತವನ್ನು ಕೆಳಗಿಟ್ಟ ಶಿಕ್ಷಕರ ಕೈಯಲ್ಲಿ ಹಾಗಾದರೆ ಏನಿರಬೇಕು? ಬರಿಯ ಪ್ರೀತಿ ಸಾಲದು. ಪ್ರೀತಿಯೊಂದನ್ನೇ ನಂಬಿ ಬಂದ ಹೊಸಬರು ಆಗಸ್ಟ್ ತಿಂಗಳ ಹೊತ್ತಿಗೆ ಕಂಠ ಒಡೆದುಕೊಂಡು, ಸೆಪ್ಟೆಂಬರಿನಲ್ಲಿ ಬೆತ್ತ ಹುಡುಕುವುದುಂಟು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಕಬ್ ಕೌನಿನ್ 1970ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಬಹಳ ಪ್ರಸಿದ್ಧವಾಗಿದೆ. ತಪ್ಪು ನಡೆದ ಮೇಲೆ ಶಿಕ್ಷಕರು ಹೇಗೆ ಗದರಿದರು ಎಂಬುದರಿಂದ ತರಗತಿಗಳ ಶಿಸ್ತಿನಲ್ಲಿ ದೊಡ್ಡ ವ್ಯತ್ಯಾಸವಾಗಲಿಲ್ಲ ಎಂದು ಅವರು ಕಂಡುಕೊಂಡರು. ವ್ಯತ್ಯಾಸ ಮಾಡಿದುದು ತಪ್ಪು ನಡೆಯುವ ಮೊದಲಿನ ನಡವಳಿಕೆ: ಇಡೀ ಕೊಠಡಿಯಲ್ಲಿ ಏನು ನಡೆಯುತ್ತಿದೆ ಎಂಬ ಎಚ್ಚರ, ಒಂದು ಚಟುವಟಿಕೆಯಿಂದ ಇನ್ನೊಂದಕ್ಕೆ ತಡವರಿಸದೆ ಸಾಗುವ ಸಿದ್ಧತೆ. ಹಿಫ್ಝ್ ತರಗತಿಯ ಉಸ್ತಾದರ ಕಿವಿಯನ್ನು ನೆನಪಿಸಿಕೊಂಡರೆ ಇದು ನಮಗೆ ಹೊಸದಲ್ಲ.

ಆದುದರಿಂದ ಗಂಟೆ ಬಾರಿಸುವ ಮೊದಲೇ ಕೊಠಡಿಯ ಬಾಗಿಲಲ್ಲಿ ಇರಿ. ಒಳಗೆ ಬರುವ ಪ್ರತಿಯೊಬ್ಬರನ್ನೂ ನೋಡಿರಿ. ಯಾರ ಮುಖ ಬಾಡಿದೆ ಎಂಬುದು ಅಲ್ಲಿಯೇ ತಿಳಿಯುತ್ತದೆ. ಕುಳಿತ ಕೂಡಲೇ ಮಾಡಲು ಕರಿಹಲಗೆಯ ಮೇಲೆ ಒಂದು ಲೆಕ್ಕವೋ ಪ್ರಶ್ನೆಯೋ ಸಿದ್ಧವಾಗಿರಲಿ. ಹಾಜರಿ ಕರೆಯುವ ಐದು ನಿಮಿಷದಲ್ಲಿ ಅರ್ಧ ಗದ್ದಲ ಹುಟ್ಟುತ್ತದೆ, ಅದು ಹುಟ್ಟಲು ಬೇಕಾದುದು ಖಾಲಿ ಕೈಗಳು ಮಾತ್ರ. ಧ್ವನಿಯನ್ನು ಏರಿಸುವ ಬದಲು ಮಾತು ನಿಲ್ಲಿಸಿ ಕಾಯಿರಿ. ತಪ್ಪನ್ನು ಹೇಳಬೇಕಾದಾಗ ಹೆಸರಿಲ್ಲದೆ ಹೇಳಿರಿ. ಸಭೆಯಲ್ಲಿ ವ್ಯಕ್ತಿಯನ್ನು ಹೆಸರಿಸದೆ, ಕೆಲವರಿಗೇನಾಗಿದೆ, ಹೀಗೆ ಮಾಡುತ್ತಾರಲ್ಲ ಎಂದು ಕೇಳುವುದು ಪ್ರವಾದಿವರ್ಯರ(ಸ) ಕ್ರಮವಾಗಿತ್ತು. ಹೆಸರು ಹಿಡಿದು ಹೇಳಲೇಬೇಕಾದುದನ್ನು ಮಧ್ಯಾಹ್ನದ ಊಟದ ವಿರಾಮದಲ್ಲಿ ವರಾಂಡದಲ್ಲಿ ಹೇಳಿರಿ. ಮತ್ತು ಹೇಳಿದ ಪರಿಣಾಮವನ್ನು ತಪ್ಪದೆ ಜಾರಿಗೆ ತನ್ನಿರಿ. ಹತ್ತು ಸಲ ಬೆದರಿಸಿ ಹನ್ನೊಂದನೆಯ ಸಲ ಸಿಡಿಯುವ ಶಿಕ್ಷಕರಿಗಿಂತ, ಮೊದಲ ಸಲವೇ ಶಾಂತವಾಗಿ ಸ್ಥಳ ಬದಲಿಸಿ ಕೂರಿಸುವ ಶಿಕ್ಷಕರನ್ನು ಮಕ್ಕಳು ಹೆಚ್ಚು ನಂಬುತ್ತಾರೆ.

ಇಷ್ಟನ್ನೂ ಶಿಕ್ಷಕರಿಗೆ ಮಾತ್ರ ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಮಗುವನ್ನು ಶಾಲೆಗೆ ಸೇರಿಸುವಾಗ ‘ಮಾಂಸ ನಿಮ್ಮದು, ಮೂಳೆ ಮಾತ್ರ ನಮ್ಮದು’ ಎಂದು ಶಿಕ್ಷಕರಿಗೆ ಹೇಳಿ ಬರುವ ಹೆತ್ತವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಅದು ಗುರುವಿನ ಮೇಲಿನ ಗೌರವವೆಂದು ಅವರು ಭಾವಿಸುತ್ತಾರೆ. ಮಗುವಿನ ಮಾಂಸವೂ ಮೂಳೆಯೂ ಹೆತ್ತವರದ್ದಲ್ಲ; ಅವು ಅಲ್ಲಾಹನು ಅವರ ಕೈಗೆ ಕೊಟ್ಟ ಅಮಾನತ್. ಅಮಾನತ್ತನ್ನು ಹೊಡೆಸಲು ಬೇರೆಯವರಿಗೆ ಅನುಮತಿ ಕೊಡುವ ಅಧಿಕಾರ ಅವರಿಗೆಲ್ಲಿಂದ ಬಂತು? 2006ರ ಸಾಚಾರ್ ಸಮಿತಿಯ ವರದಿಯು ಆರರಿಂದ ಹದಿನಾಲ್ಕು ವರ್ಷದ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಯ ಮೆಟ್ಟಿಲೇ ಹತ್ತದವರು ಅಥವಾ ನಡುವೆ ತೊರೆದವರು ಎಂದು ತಿಳಿಸಿತ್ತು. ಬಡತನ ಅದರ ದೊಡ್ಡ ಕಾರಣ ಎಂಬುದು ನಿಜ. ಆದರೆ ಗ್ಯಾರೇಜಿನಲ್ಲಿ, ಬೇಕರಿಯಲ್ಲಿ, ಕೋಳಿ ಅಂಗಡಿಯಲ್ಲಿ ದುಡಿಯುತ್ತಿರುವ ಹದಿನೈದರ ಹುಡುಗರನ್ನು ಶಾಲೆ ಏಕೆ ಬಿಟ್ಟೆ ಎಂದು ಕೇಳಿ ನೋಡಿರಿ. ಫೀಸಿನ ಮಾತಿಗಿಂತ ಮೊದಲು ‘ಮೇಷ್ಟ್ರು ಎಲ್ಲರ ಮುಂದೆ...’ ಎಂದು ಆರಂಭವ���ಗಿ ಅರ್ಧಕ್ಕೆ ನಿಲ್ಲುವ ವಾಕ್ಯವೊಂದು ಕೆಲವರಿಂದಲಾದರೂ ಬರುತ್ತದೆ. ಹೆಣ್ಣುಮಕ್ಕಳು ಆ ವಾಕ್ಯವನ್ನೂ ಹೇಳುವುದಿಲ್ಲ, ಓದು ತಲೆಗೆ ಹತ್ತುವುದಿಲ್ಲ ಎನ್ನುತ್ತಾರೆ.

ಪೋಷಕರ ಸಭೆಗಳಲ್ಲಿ ನಮ್ಮವರ ಕುರ್ಚಿಗಳು ಖಾಲಿಯಿರುತ್ತವೆ. ಶಾಲಾಭಿವೃದ್ಧಿ ಸಮಿತಿಯ ಸದಸ್ಯತ್ವವು ಹಲವರಿಗೆ ಹೆಸರಿಗೆ ಮಾತ್ರ. ಮಸೀದಿಯ ಜಮಾಅತ್‌ಗಳು ಪ್ರತಿ ವರ್ಷ ಉತ್ತಮ ಅಂಕ ಪಡೆದವರನ್ನು ಸನ್ಮಾನಿಸುತ್ತವೆ, ಅದು ಒಳ್ಳೆಯದೇ. ಅದೇ ಜಮಾಅತ್‌ನ ಇಬ್ಬರು ಹಿರಿಯರು ವರ್ಷಕ್ಕೆ ಎರಡು ಬಾರಿ ಶಾಲೆಗೆ ಹೋಗಿ, ಈ ವರ್ಷ ಬಂದ ಹೊಸ ಶಿಕ್ಷಕರು ಯಾರು, ಅವರ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ, ಅತಿಥಿ ಶಿಕ್ಷಕರಾಗಿದ್ದರೆ ಗೌರವಧನ ಕೈಸೇರಿತೇ, ಯಾವ ಮಗು ವಾರದಿಂದ ಬಂದಿಲ್ಲ ಎಂದು ವಿಚಾರಿಸಲಿ. ಬಾರದ ಮಗುವಿನ ಮನೆಗೆ ಅದೇ ಸಂಜೆ ಹೋಗಲಿ. ಶಿಕ್ಷಕರನ್ನೂ ಕರೆದುಕೊಂಡು ಹೋಗಲು ಸಾಧ್ಯವಾದರೆ ಇನ್ನೂ ಒಳ್ಳೆಯದು.